ಕಂದಾಯ, ಉಪ್ಪು, ಹೊಗೆಸೊಪ್ಪು: ಅಮರ ಸುಳ್ಯದ ಬಂಡಾಯ ಮತ್ತು ಪ್ರಭುತ್ವದ ಮಿತಿ

ಪ್ರಭುತ್ವವು ಪ್ರಜೆಯ ಬದುಕಿನಲ್ಲಿ ಎಷ್ಟರಮಟ್ಟಿಗೆ ಪ್ರವೇಶಿಸಬಹುದು ಎಂಬುದು ರಾಜಕೀಯ ಚಿಂತನೆಯ ಹಳೆಯ ಪ್ರಶ್ನೆ. ಜೀವ, ಸ್ವಾತಂತ್ರ್ಯ, ಸೊತ್ತುಗಳ ರಕ್ಷಣೆಯೇ ಸರಕಾರದ ಉದ್ದೇಶವೆಂದು 17ನೆಯ ಶತಮಾನದಲ್ಲಿ ಜಾನ್ ಲಾಕ್ ವಾದಿಸಿದನು. ರಕ್ಷಣೆಯನ್ನು ಮೀರಿ ವಿಸ್ತರಿಸುವ ಪ್ರಭುತ್ವವು ವ್ಯಕ್ತಿಯ ಹಕ್ಕನ್ನು ಉಲ್ಲಂಘಿಸುತ್ತದೆಂದು 1974ರಲ್ಲಿ ರಾಬರ್ಟ್ ನೋಜಿಕ್ ಪ್ರತಿಪಾದಿಸಿದನು. ಇದೇ ಪ್ರಶ್ನೆಯನ್ನು ಪುತ್ತೂರು, ಸುಳ್ಯ ಮತ್ತು ಇತ್ತೀಚೆಗೆ ಅವುಗಳಿಂದ ಬೇರ್ಪಟ್ಟು ತಾಲೂಕಾದ ಕಡಬದ ಪರಿಸರದಲ್ಲಿ ರೈತರು 1837ರಲ್ಲಿಯೇ ತಮ್ಮದೇ ರೀತಿಯಲ್ಲಿ ಎತ್ತಿದ್ದರು.

1834ರಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಈಸ್ಟ್ ಇಂಡಿಯಾ ಕಂಪೆನಿಯು, ಘಟ್ಟದ ಕೆಳಗಿನ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. ನಾಣ್ಯದ ಚಲಾವಣೆ ವಿರಳವಾಗಿದ್ದ ಸೀಮೆಯಲ್ಲಿ ಇದು ರೈತನನ್ನು ವರ್ತಕನ ಮತ್ತು ಸಾಲಿಗನ ಬಾಗಿಲಿಗೆ ಕಳುಹಿಸುವ ವ್ಯವಸ್ಥೆಯಾಯಿತು. ಉಪ್ಪು, ಹೊಗೆಸೊಪ್ಪುಗಳ ಮೇಲೆ ಕಂಪೆನಿಯ ಏಕಸ್ವಾಮ್ಯವಿತ್ತು. ತೆರಿಗೆ ಕೇಳುವವನೂ ಸರಕು ಮಾರುವವನೂ ಒಬ್ಬನೇ ಆದಾಗ ಪ್ರಜೆಗೆ ದೂರು ಹೇಳಲು ಬೇರೊಂದು ಸ್ಥಳವಿರಲಿಲ್ಲ. ವರ್ತಕರ ಕಂಪೆನಿಯೇ ರಾಜ್ಯವಾಳುವುದರ ಅಪಾಯವನ್ನು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಗುರುತಿಸಿದ್ದನು.

ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರು ಸಂಘಟಿಸಿದ ದಂಡು, ಪುಟ್ಟಬಸಪ್ಪನನ್ನು ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ಮುಂದಿರಿಸಿಕೊಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡಿತು. 1837ರ ಏಪ್ರಿಲ್ 5ರಂದು ಮಂಗಳೂರನ್ನು ತಲುಪಿತು. ಸುಮಾರು ಎರಡು ವಾರಗಳಲ್ಲಿ ಕಂಪೆನಿಯ ಸೈನ್ಯ ನಗರವನ್ನು ಮರಳಿ ಪಡೆಯಿತು. ಕಲ್ಯಾಣಸ್ವಾಮಿಯನ್ನು ಮಂಗಳೂರಿನಲ್ಲಿಯೂ, ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿಯೂ ಗಲ್ಲಿಗೇರಿಸಲಾಯಿತು.

ಬಂಡಾಯಗಾರರು ಅರಸನಿಲ್ಲದ ನಾಡನ್ನು ಬಯಸಲಿಲ್ಲವೆಂಬುದು ಗಮನಾರ್ಹ. ಕಂದಾಯದ ವಿನಾಯಿತಿ, ಉಪ್ಪು–ಹೊಗೆಸೊಪ್ಪುಗಳ ಬಿಡುಗಡೆಯನ್ನು ಅವರು ಸಾರಿದ್ದು ಅರಸುಮನೆತನದ ಹೆಸರಿನಲ್ಲಿಯೇ. ಅವರ ಬೇಡಿಕೆ ಪ್ರಭುತ್ವದ ಅಳಿವಲ್ಲ, ಅದರ ಮಿತಿ. ಇತಿಹಾಸಕಾರರು ‘ರೈತ ಬಂಡಾಯ’ವೆಂದು ಗುರುತಿಸಿದ ಈ ಘಟನೆ ಜನರ ನಾಲಗೆಯಲ್ಲಿ ಉಳಿದದ್ದು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು. ಆ ಪದದಲ್ಲಿ ಕಾಟ, ಕೊಳ್ಳೆಗಳ ಧ್ವನಿಯಿದೆ. ಸೆರೆಮನೆಯ ಬಾಗಿಲು ತೆರೆದು ಕಚೇರಿಗಳು ಉರಿದ ದಿನಗಳ ಭಯವಿದೆ. ಮಿತಿಮೀರಿದ ಸರಕಾರದ ಕಾಟವನ್ನೂ ಸರಕಾರವೇ ಇಲ್ಲದ ದಿನಗಳ ಕಾಟವನ್ನೂ ಕಂಡ ಜನಪದವು ವೀರರನ್ನು ನೆನೆಯುತ್ತಲೇ ಈ ಹೆಸರನ್ನೂ ಬಿಟ್ಟುಕೊಡಲಿಲ್ಲ. ಪ್ರಭುತ್ವದ ಮಿತಿಯನ್ನು ಕುರಿತ ಯಾವ ಸಿದ್ಧಾಂತವೂ ಈ ಎರಡು ಅನುಭವಗಳನ್ನು ಒಟ್ಟಿಗೆ ಪರಿಗಣಿಸಬೇಕಾಗುತ್ತದೆ.