ಒಂದೇ ಹೆಂಚಿನಡಿ ಹೈಸ್ಕೂಲು, ಕಾಲೇಜು

ಹೈಸ್ಕೂಲಿನ ಕಟ್ಟಡದಲ್ಲೇ, ಬಹಳ ಸಲ ಹೈಸ್ಕೂಲಿನ ಮಾಸ್ತರರಿಂದಲೇ, ಕಾಲೇಜಿನ ಮೊದಲ ಪಾಠಗಳು ನಡೆಯುವ ಏರ್ಪಾಡಿಗೆ ಕರ್ನಾಟಕದ ಕಡತಗಳಲ್ಲಿ ‘ಸಂಯುಕ್ತ ಪದವಿಪೂರ್ವ ಕಾಲೇಜು’ ಎಂದು ಹೆಸರು. ಜನರ ಬಾಯಲ್ಲಿ ಅದು ಜೂನಿಯರ್ ಕಾಲೇಜು. ಶಿರಸಿ ತಾಲ್ಲೂಕಿನ ಹೋಬಳಿ ಊರಾದ ಹುಲೇಕಲ್‌ನಲ್ಲಿ ಶ್ರೀದೇವಿಯ ಹೆಸರಿನಲ್ಲಿ ಹೈಸ್ಕೂಲೂ ಪದವಿಪೂರ್ವ ಕಾಲೇಜೂ ಜತೆಯಾಗಿ ನಡೆದು ಬಂದಿರುವುದು ಈ ಬಗೆಯದೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಕಾಲೇಜು ಪೇಟೆಯಿಂದ ಇಳಿದು ಬಂದದ್ದಲ್ಲ, ಊರಿನ ಹೈಸ್ಕೂಲೇ ಎರಡು ತರಗತಿ ಮೇಲಕ್ಕೆ ಬೆಳೆದು ಕಾಲೇಜಾಯಿತು.

1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದರೊಂದಿಗೆ ಇಲ್ಲಿಯ ಓದಿನ ಮೆಟ್ಟಿಲುಗಳೂ ಮುಂಬಯಿಯವೇ ಆದವು. ಕನ್ನಡ ಸಾಲೆಯ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ. ಅದನ್ನು ಪಾಸು ಮಾಡಿದವನಿಗೆ ಸಾಲೆ ಮಾಸ್ತರಿಕೆಯ ಬಾಗಿಲು ತೆರೆಯುತ್ತಿತ್ತು. ಇಂಗ್ಲಿಷ್ ಸಾಲೆ ಹಿಡಿದವನಿಗೆ 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್. ಹೆಸರಿಗೆ ಅದು ಹೈಸ್ಕೂಲಿನ ಕೊನೆಯ ಪರೀಕ್ಷೆ, ನಿಜದಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ. ಪ್ರಶ್ನೆಪತ್ರಿಕೆ ಮಾಡುವವರು ಒಂದು ಕಡೆ, ಪಾಠ ಹೇಳುವ ಮಾಸ್ತರರು ಇನ್ನೊಂದು ಕಡೆ. ಹೈಸ್ಕೂಲಿನ ಕೆಲಸವನ್ನು ಕಾಲೇಜು ದೂರದಿಂದಲೇ ಅಳೆಯುತ್ತಿದ್ದ ಕಾಲವದು. ಮೆಟ್ರಿಕ್ ಆದಮೇಲೆ ಓದುವ ಮನಸ್ಸಿದ್ದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ದಾರಿ ಹತ್ತಿರವಾಯಿತು, ಆದರೆ ಘಟ್ಟದ ಮೇಲಿನ ತೋಟಿಗರ ಮನೆಯ ಹುಡುಗನಿಗೆ ಧಾರವಾಡವೂ ಪರಸ್ಥಳವೇ. ಬಾಡಿಗೆ ಕೋಣೆಗೆ ಹಣವಿಲ್ಲದವರು ವಾರಾನ್ನದ ಮೇಲೆ ಓದಿದರು: ಸೋಮವಾರ ಒಬ್ಬರ ಮನೆಯ ಊಟ, ಮಂಗಳವಾರ ಇನ್ನೊಬ್ಬರ ಮನೆಯದು. ಹೆಣ್ಣುಮಕ್ಕಳಿಗೆ ಆ ದಾರಿಯೂ ಇರಲಿಲ್ಲ.

ಇದೇ ಹೊತ್ತಿಗೆ ಹಳೆ ಮೈಸೂರಿನಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯವು ಪದವಿಗೆ ಮುಂಚಿನ ಪ್ರವೇಶ ತರಗತಿಯನ್ನು ಕಾಲೇಜಿನ ಒಳಗೆ ಇಟ್ಟುಕೊಳ್ಳದೆ ಆಯ್ದ ಹೈಸ್ಕೂಲುಗಳಿಗೆ ವಹಿಸಿತು. ಆ ಶಾಲೆಗಳಿಗೆ ‘ಕಾಲೇಜಿಯೇಟ್ ಹೈಸ್ಕೂಲು’ ಎಂದು ಹೆಸರು ಬಂತು. ವಿಶ್ವವಿದ್ಯಾಲಯದ ಪಠ್ಯಕ್ರಮ, ಹೈಸ್ಕೂಲಿನ ಕೋಣೆ, ಹೈಸ್ಕೂಲಿನ ಬೋಧಕರು. ಕನ್ನಡ ನಾಡಿನಲ್ಲಿ ಹೈಸ್ಕೂಲೂ ವಿಶ್ವವಿದ್ಯಾಲಯವೂ ಪಾಲುಗಾರಿಕೆಯಲ್ಲಿ ಕಾಲೇಜು ಓದನ್ನು ನಡೆಸಿದ ಸ್ಪಷ್ಟ ಉದಾಹರಣೆಯಿದು, ಇದಕ್ಕೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕು. 1920ರ ದಶಕದ ಕೊನೆಗೆ ಎರಡು ವರ್ಷದ ಇಂಟರ್‌ಮೀಡಿಯೆಟ್ ಕಾಲೇಜುಗಳು ಬಂದು ಆ ತರಗತಿಗಳು ಮತ್ತೆ ಹೈಸ್ಕೂಲಿನಿಂದ ಬೇರೆಯಾದವು. 1917ರಲ್ಲಿ ನೇಮಕಗೊಂಡ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗವೂ (ಅಧ್ಯಕ್ಷರು ಮೈಕೇಲ್ ಸ್ಯಾಡ್ಲರ್) ಶಾಲೆಗೂ ವಿಶ್ವವಿದ್ಯಾಲಯಕ್ಕೂ ನಡುವಿನ ಗೆರೆಯನ್ನು ಮೆಟ್ರಿಕ್ ಬಳಿ ಎಳೆಯದೆ ಇಂಟರ್‌ಮೀಡಿಯೆಟ್ ಬಳಿ ಎಳೆಯಬೇಕೆಂದು ಹೇಳಿತು. ದೇಶದ ಬಹುಭಾಗದಲ್ಲಿ ಅದು ವರದಿಯ ಹಾಳೆಯಲ್ಲೇ ಉಳಿಯಿತು.

ಸ್ವಾತಂತ್ರ್ಯದ ನಂತರ ಈ ಗೆರೆ ಹಲವು ಸಲ ಅತ್ತಿತ್ತ ಸರಿಯಿತು. 1952–53ರ ಮುದಲಿಯಾರ್ ಆಯೋಗ ಇಂಟರ್‌ಮೀಡಿಯೆಟ್ಟನ್ನು ಮುರಿದು ಒಂದು ವರ್ಷವನ್ನು ಹೈಸ್ಕೂಲಿಗೂ ಇನ್ನೊಂದನ್ನು ಪದವಿಗೂ ಕೂಡಿಸಲು ಸೂಚಿಸಿತು. ಹಾಗೆ ಹೈಯರ್ ಸೆಕೆಂಡರಿ ಶಾಲೆಗಳೂ, ಮಾಮೂಲು ಹೈಸ್ಕೂಲಿನಿಂದ ಬಂದವರಿಗಾಗಿ ಒಂದು ವರ್ಷದ ಪದವಿಪೂರ್ವ ತರಗತಿಯೂ (ಪಿಯುಸಿ) ಹುಟ್ಟಿದವು. 1956ರಲ್ಲಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತ್ತು, 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದಲ್ಲಿ ನೆಲೆಯಾಗಿತ್ತು. ಪಿಯುಸಿ ಆಗ ಪದವಿ ಕಾಲೇಜಿನ ಸೊತ್ತು. 1962ರಲ್ಲಿ ಶಿರಸಿಯಲ್ಲಿ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜು ತೆರೆದದ್ದು ಇಡೀ ಘಟ್ಟದ ಮೇಲಿನ ಸೀಮೆಗೆ ದೊಡ್ಡ ಸಂಗತಿ. ಆದರೂ ಹುಲೇಕಲ್, ವಾನಳ್ಳಿ ಕಡೆಯ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿದ ಮರುದಿನದಿಂದ ಶಿರಸಿಯ ಬಸ್ಸನ್ನೋ ಶಿರಸಿಯ ಕೋಣೆಯನ್ನೋ ನಂಬಬೇಕಿತ್ತು.

ಗೆರೆ ಕೊನೆಗೂ ಗಟ್ಟಿಯಾಗಿ ಬದಲಾದದ್ದು ಕೊಠಾರಿ ಆಯೋಗದ ವರದಿಯಿಂದ. 1964ರಲ್ಲಿ ನೇಮಕವಾಗಿ 1966ರಲ್ಲಿ ವರದಿ ಕೊಟ್ಟ ಆ ಆಯೋಗ 10+2+3ರ ಚೌಕಟ್ಟು ಹಾಕಿ, ಪಿಯುಸಿಯನ್ನು ವಿಶ್ವವಿದ್ಯಾಲಯದ ಕೈಯಿಂದ ಬಿಡಿಸಿ ಶಾಲೆಯ ಕಡೆಗೆ ತರಬೇಕೆಂದಿತು. ಈ ಚೌಕಟ್ಟನ್ನು ಬೇಗ ಒಪ್ಪಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1970ರ ದಶಕದ ಆರಂಭದಲ್ಲಿ ಪಿಯುಸಿ ಎರಡು ವರ್ಷದ್ದಾಯಿತು, ಅದರ ಪರೀಕ್ಷೆ ವಿಶ್ವವಿದ್ಯಾಲಯಗಳಿಂದ ರಾಜ್ಯದ ಮಂಡಳಿಗೆ ಬಂತು. ಪದವಿ ಕಾಲೇಜು ಇಲ್ಲದ ಊರಿನ ಹೈಸ್ಕೂಲಿಗೂ ಈಗ ಮೇಲಿನ ಎರಡು ತರಗತಿ ತೆರೆಯಲು ಅವಕಾಶವಾಯಿತು.

ಕಾಲೇಜಿನ ಪಾಠವನ್ನು ಹೈಸ್ಕೂಲಿಗೆ ತರುವುದು ಹೇಗೆಂಬ ಪ್ರಶ್ನೆಗೆ ಅಮೆರಿಕದಲ್ಲಿ ಬೇರೆ ಉತ್ತರ ಸಿಕ್ಕಿತ್ತು. 1955ರಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯವೂ, 1970ರ ದಶಕದ ಆರಂಭದಿಂದ ಸಿರಾಕ್ಯೂಸ್ ವಿಶ್ವವಿದ್ಯಾಲಯವೂ ಹೈಸ್ಕೂಲಿನ ಶಿಕ್ಷಕರನ್ನೇ ಆರಿಸಿ, ತಮ್ಮ ಪಠ್ಯಕ್ರಮ ಕೊಟ್ಟು, ಹೈಸ್ಕೂಲಿನ ಬೆಂಚಿನ ಮೇಲೆಯೇ ಕಾಲೇಜಿನ ಕ್ರೆಡಿಟ್ ಸಿಗುವಂತೆ ಮಾಡಿದವು. ಅಲ್ಲಿ ಕಾಲೇಜು ಹೈಸ್ಕೂಲಿನ ಶಿಕ್ಷಕನಿಗೆ ಮಾನ್ಯತೆ ಕೊಟ್ಟಿತು. ಇಲ್ಲಿ ಸರ್ಕಾರವು ಕಾಲೇಜಿನ ತರಗತಿಗಳನ್ನೇ ಎತ್ತಿ ಹೈಸ್ಕೂಲಿನ ಪಕ್ಕದಲ್ಲಿಟ್ಟಿತು.

ಹಾಗಾಗಿ ಇಲ್ಲಿಯ ಭಾರವೆಲ್ಲ ಬಿದ್ದದ್ದು ಮಾಸ್ತರರ ಮೇಲೆ. ಬಿ.ಎಡ್. ಮಾಡಿ ಹೈಸ್ಕೂಲಿಗೆ ಸೇರಿದವರು ಕೆಲಸದಲ್ಲಿದ್ದುಕೊಂಡೇ ಖಾಸಗಿಯಾಗಿ ಎಂ.ಎ. ಕಟ್ಟಿ ಪಾಸಾದರು. ಸ್ನಾತಕೋತ್ತರ ಪದವಿ ಇರುವ ಹೈಸ್ಕೂಲು ಶಿಕ್ಷಕರಿಗೆ ಉಪನ್ಯಾಸಕ ಹುದ್ದೆಯಲ್ಲಿ ಬಡ್ತಿಯ ಪಾಲು ಇತ್ತು. ಹುದ್ದೆ ಖಾಲಿಯಿದ್ದಲ್ಲಿ ಬಡ್ತಿಗೆ ಮೊದಲೇ ಪಾಠ ಹೇಳಿದವರೂ ಇದ್ದರು. ಒಂದೇ ಕಟ್ಟಡದಲ್ಲಿ ಎರಡು ಲೆಕ್ಕದ ಗಂಟೆ ಬಾರಿಸುತ್ತಿತ್ತು: ಹೈಸ್ಕೂಲಿಗೆ ಮುಕ್ಕಾಲು ತಾಸಿನ ಪಿರಿಯಡ್ಡು, ಕಾಲೇಜಿಗೆ ಒಂದು ತಾಸಿನದು. ಹೋದ ವರ್ಷ ಹತ್ತನೆಯ ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುತ್ತಿದ್ದ ಹುಡುಗಿ ಈ ವರ್ಷ ನಾಲ್ಕು ಕೋಣೆ ಆಚೆ ಪಿಯುಸಿ ವಿದ್ಯಾರ್ಥಿನಿ.

ಹೈಸ್ಕೂಲಿನ ಮಾಸ್ತರರೇ ಮೇಲಿನ ತರಗತಿಗೂ ಪಾಠ ಹೇಳಿದ್ದರ ಲಾಭ ಅತಿ ಹೆಚ್ಚು ಕಂಡದ್ದು ಭಾಷೆಯ ವಿಷಯದಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿ. ಬುದ್ಧಿವಂತ ಮಕ್ಕಳೂ ಇಲ್ಲಿ ಎಡವಿ ಓದು ಬಿಟ್ಟದ್ದುಂಟು. ಆ ಮಕ್ಕಳನ್ನು ಬಲ್ಲ ಮಾಸ್ತರರು ಹಲಗೆಯ ಎಡಕ್ಕೆ ‘ದ್ಯುತಿಸಂಶ್ಲೇಷಣೆ’ ಎಂದು ಬರೆದು, ಬಲಕ್ಕೆ ‘ಫೋಟೊಸಿಂಥೆಸಿಸ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ನಡುವೆ ಗೆರೆ ಎಳೆದು, ಎರಡೂ ಒಂದೇ ಎಂದು ಮೊದಲು ತೋರಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಯಾವ ಮಗುವಿಗೆ ಯಾವ ಶಬ್ದ ಹಿಂದಿನ ವರ್ಷ ಬಂದಿದೆ, ಯಾವುದು ಬಂದಿಲ್ಲ ಎಂಬುದು ಹೊಸದಾಗಿ ಬಂದ ಉಪನ್ಯಾಸಕನಿಗೆ ಗೊತ್ತಾಗುವುದಿಲ್ಲ. ಕೊನೆಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ಅಡಿಕೆ ಸುಲಿದು ಬಂದ ಮಕ್ಕಳು ಬೆಳಗಿನ ತರಗತಿಯಲ್ಲಿ ತೂಕಡಿಸುವುದಕ್ಕೆ ಕಾರಣವೂ ಊರಿನ ಮಾಸ್ತರರಿಗೆ ಹೇಳದೆ ತಿಳಿಯುತ್ತಿತ್ತು.

ಶಿರಸಿ ಸೀಮೆಯಲ್ಲಿ ಮನೆಗಳು ಒತ್ತಾಗಿಲ್ಲ. ಒಂದೊಂದು ಕಣಿವೆಗೆ ಒಂದೊಂದು ತೋಟ, ತೋಟದ ತಲೆಯಲ್ಲಿ ನಾಲ್ಕಾರು ಮನೆ, ನಡುವೆ ಬೆಟ್ಟ, ಹಳ್ಳ, ಕಾಡು. ಮಳೆಗಾಲದಲ್ಲಿ ಹಳ್ಳ ಏರಿದರೆ ದಾರಿಯೇ ಇಲ್ಲ. ಇಂಥಲ್ಲಿ ಹೈಸ್ಕೂಲು ಕಟ್ಟಿದವರು ಹೆಚ್ಚಾಗಿ ಊರವರೇ. ಅಡಿಕೆ ಬೆಳೆಗಾರರು 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಕಟ್ಟಿ ಕೂಡಿ ಕೆಲಸ ಮಾಡುವ ರೂಢಿ ಮಾಡಿಕೊಂಡಿದ್ದರು. ಶಿಕ್ಷಣ ಸಂಸ್ಥೆಗಳೂ ಅದೇ ರೂಢಿಯಲ್ಲಿ ಎದ್ದವು: ಜಾಗ ಒಬ್ಬರದು, ಮರ ಇನ್ನೊಬ್ಬರದು, ಹೆಂಚಿನ ಹಣ ಎಲ್ಲರದು, ಆಮೇಲೆ ಸರ್ಕಾರದ ಅನುದಾನ. ಆ ಕಟ್ಟಡಕ್ಕೆ ಇನ್ನೆರಡು ಕೋಣೆ ಕೂಡಿದ್ದರಿಂದ ಬಹಳ ಬದಲಾದದ್ದು ಹುಡುಗಿಯರ ಬದುಕು. ಶಿರಸಿಯಲ್ಲಿ ಕೋಣೆ ಮಾಡಿಕೊಡಲು ಒಪ್ಪದ ಮನೆಗಳೂ ನಡೆದುಹೋಗುವ ದೂರದ ಕಾಲೇಜಿಗೆ ಬೇಡವೆನ್ನಲಿಲ್ಲ.

ಕೊರತೆಗಳೂ ಇದ್ದವು. ಪ್ರಯೋಗಶಾಲೆ, ಎಂ.ಎಸ್ಸಿ. ಓದಿದವರು ಹಳ್ಳಿಗೆ ಸುಲಭಕ್ಕೆ ದಕ್ಕುವುದಿಲ್ಲವಾದ್ದರಿಂದ ಹಳ್ಳಿಯ ಜೂನಿಯರ್ ಕಾಲೇಜುಗಳಲ್ಲಿ ಕಲೆ ಮತ್ತು ವಾಣಿಜ್ಯದ್ದೇ ಮೇಲುಗೈ. ವಿಜ್ಞಾನ ಬೇಕೆಂದವರಲ್ಲಿ ಬಹಳ ಜನ ಪೇಟೆಗೆ ಹೋದರು. ಖಾಲಿ ಹುದ್ದೆಗಳನ್ನು ಅತಿಥಿ ಉಪನ್ಯಾಸಕರು ಕಡಿಮೆ ಸಂಬಳದಲ್ಲಿ ತುಂಬಿದರು, ಅದು ಅವರಿಗೂ ಮಕ್ಕಳಿಗೂ ಆದ ಅನ್ಯಾಯ. ಪಿಯು ಉಪನ್ಯಾಸಕರಿಗೂ ಬಿ.ಎಡ್. ಬೇಕೆಂಬ ನಿಯಮ ಬಂದದ್ದು ಹೈಸ್ಕೂಲಿನ ಬೋಧನಾ ಪದ್ಧತಿಗೆ ಮೇಲಿನ ತರಗತಿಯಲ್ಲೂ ಬೆಲೆಯಿದೆ ಎಂದು ಒಪ್ಪಿದಂತೆಯೇ ಸರಿ. ಆಡಳಿತದಲ್ಲಿ ಮಾತ್ರ ಎರಡು ವಿಭಾಗ ದೂರವಾಗುತ್ತ ಹೋದವು. ಸರ್ಕಾರಿ ಸಂಯುಕ್ತ ಕಾಲೇಜುಗಳಲ್ಲಿ ಪ್ರಾಂಶುಪಾಲರು ಕಾಲೇಜಿಗೆ, ಉಪಪ್ರಾಂಶುಪಾಲರು ಹೈಸ್ಕೂಲು ವಿಭಾಗಕ್ಕೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂಬತ್ತರಿಂದ ಹನ್ನೆರಡರವರೆಗಿನ ತರಗತಿಗಳನ್ನು ಒಂದೇ ಘಟ್ಟವೆಂದು ಎಣಿಸಿತು. ಕರ್ನಾಟಕದಲ್ಲಿ 2022ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆಗಳೆರಡೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಅಡಿಗೆ ಬಂದವು. ಹೆಸರಿನಲ್ಲಿ ‘ಕಾಲೇಜು’ ಉಳಿದರೂ ಪರೀಕ್ಷೆಯ ಲೆಕ್ಕದಲ್ಲಿ ಪಿಯುಸಿ ಈಗ ಶಾಲೆಯದೇ.