ಟ್ಯಾಂಕರಿನ ಗಾಲಿ, ಸಂಪಿನ ಬಾಯಿ: ಗಾಯಗೊಂಡ ಮಗುವಿನ ಪರಿಹಾರದ ಲೆಕ್ಕ

ಆನೇಕಲ್ ತಾಲ್ಲೂಕಿನ ಸರ್ಜಾಪುರದ ಸುತ್ತ ಅಪಾರ್ಟ್‌ಮೆಂಟ್ ಏಳುತ್ತಿರುವ ಕಡೆಯೆಲ್ಲ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಕುಟುಂಬಗಳು ಶೆಡ್ ಹಾಕಿಕೊಂಡಿವೆ. ಶೆಡ್ಡಿನ ಮಗು ರಸ್ತೆಯಲ್ಲಿ ನೀರಿನ ಟ್ಯಾಂಕರಿನ ಗಾಲಿಗೆ ಸಿಕ್ಕಿ ಕಾಲು ಕಳೆದುಕೊಂಡರೆ ಒಂದು ಕಾನೂನು, ಮುಚ್ಚಳವಿಲ್ಲದ ಸಂಪಿಗೆ ಬಿದ್ದು ಅದೇ ಕಾಲು ಹೋದರೆ ಬೇರೊಂದು.

ಗಾಲಿಯದಾದರೆ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಇದೆ. ಹಣ ಕಟ್ಟುವುದು ಸಾಮಾನ್ಯವಾಗಿ ವಿಮಾ ಕಂಪನಿ. ಅಪಘಾತವಾದ ಊರಲ್ಲೇ ಅರ್ಜಿ ಹಾಕಬೇಕೆಂದಿಲ್ಲ, ಕುಟುಂಬ ಊರಿಗೆ ಮರಳಿದ್ದರೆ ಯಾದಗಿರಿಯಲ್ಲೇ ಹಾಕಬಹುದು.

ಎಷ್ಟು ಹಣ ಎಂಬುದೇ ಬಹುಕಾಲದ ತಕರಾರು. 1994ರಲ್ಲಿ ಸೇರಿದ ಎರಡನೇ ಅನುಸೂಚಿ, ದುಡಿಯದವರ ಆದಾಯವನ್ನು ವರ್ಷಕ್ಕೆ 15,000 ರೂಪಾಯಿ ಎಂದು ಎಣಿಸಿತ್ತು. 2013ರಲ್ಲಿ ಕರ್ನಾಟಕದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಕಟ್ಟಿತು: ಇಡೀ ದೇಹಕ್ಕೆ ಶೇ 10ರಿಂದ 30ರವರೆಗಿನ ಊನಕ್ಕೆ 3 ಲಕ್ಷ, 60ರವರೆಗೆ 4, 90ರವರೆಗೆ 5, ಅದಕ್ಕೂ ಮೇಲಾದರೆ 6 ಲಕ್ಷ, ಚಿಕಿತ್ಸೆಯ ಖರ್ಚು ಬೇರೆ. ಶೇ 31ಕ್ಕೂ 59ಕ್ಕೂ ಒಂದೇ ಬೆಲೆ ಕಟ್ಟುವ ಈ ಮೆಟ್ಟಿಲು ನನಗೆ ಒಪ್ಪಿಗೆಯಾದದ್ದಲ್ಲ, ಆದರೂ 15,000ದ ಲೆಕ್ಕಕ್ಕಿಂತ ವಾಸಿ. 2020ರಲ್ಲಿ ಹರಿಯಾಣದ 12 ವರ್ಷದ ಹುಡುಗಿಯ ಪ್ರಕರಣದಲ್ಲಿ ಅದೇ ಕೋರ್ಟ್ ಕುಶಲ ಕಾರ್ಮಿಕನ ಕನಿಷ್ಠ ವೇತನವನ್ನು ಆಧಾರವಾಗಿ ಹಿಡಿದು 62.27 ಲಕ್ಷ ಕೊಡಿಸಿತು. 2022ರಲ್ಲಿ, ಕರ್ನಾಟಕದ ಐದು ವರ್ಷದ ಹುಡುಗನೊಬ್ಬನಿಗೆ ಇದೇ ದಾರಿಯಲ್ಲಿ ಸಿಕ್ಕದ್ದು 49.93 ಲಕ್ಷ.

ಹರಿಯಾಣದ ತೀರ್ಪನ್ನು ಬಿಡಿಸಿ ನೋಡಬೇಕು. ಗಳಿಕೆಯ ನಷ್ಟಕ್ಕೆ ಸಿಕ್ಕದ್ದು ಸುಮಾರು 14.66 ಲಕ್ಷ, ಹಗಲಿರುಳು ನೋಡಿಕೊಳ್ಳುವವರ ಖರ್ಚಿಗೆ 21.6 ಲಕ್ಷ. ದೊಡ್ಡ ಮೊತ್ತ ಆರೈಕೆಯದು. ನಮ್ಮಲ್ಲಿ ಅರ್ಜಿಗಳು ಸೊರಗುವುದೂ ಇಲ್ಲೇ: ಆಸ್ಪತ್ರೆ ಬಿಲ್ಲು ಕಡತ ಸೇರುತ್ತದೆ, ಕೂಲಿ ಬಿಟ್ಟು ಮಗುವಿನ ಪಕ್ಕ ಕೂತ ತಾಯಿಯ ದಿನಗಳಿಗೆ ಬಿಲ್ಲಿಲ್ಲ.

ಸಂಪಿನ ಮಾತು ಕಷ್ಟದ್ದು. 1923ರ ಕಾಯ್ದೆ ಪರಿಹಾರ ಕೊಡಿಸಿದ್ದು ಕೆಲಸಗಾರರ ಮೈಗಾದ ಗಾಯಕ್ಕೆ, ಅವರ ಮಗುವಿನ ಗಾಯಕ್ಕಲ್ಲ; ಈಚಿನ ಕಾರ್ಮಿಕ ಸಂಹಿತೆಯಲ್ಲೂ ಮಗು ಹೊರಗೇ. ಉಳಿಯುವುದು ನ್ಯಾಯಾಲಯ ಶುಲ್ಕ ಕಟ್ಟಿ, ನಿರ್ಲಕ್ಷ್ಯ ರುಜುವಾತು ಮಾಡಬೇಕಾದ ಸಿವಿಲ್ ದಾವೆ. ಮಗು ಅಲ್ಲಿಗೆ ಬರಬಾರದಿತ್ತು ಎಂಬುದು ಬಿಲ್ಡರ್ ಕಡೆಯ ಮಾಮೂಲಿ ವಾದ. ಅದಕ್ಕೆ ಎದುರಾಗಿ ನಿಲ್ಲಬಲ್ಲದ್ದಾಗಿದ್ದುದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಂ: 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ಅದು ವಿಧಿಸಿತ್ತು. ಕೊಠಡಿ ಇಲ್ಲದಿದ್ದರೆ ಮಗು ಮತ್ತೆಲ್ಲಿರಬೇಕಿತ್ತು? ಈ ಪ್ರಶ್ನೆ ಕೇಳಬೇಕಾದರೆ ಹೆಂಗಸರ ಸಂಖ್ಯೆ ತೋರಿಸಬೇಕಿತ್ತು; ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಎಷ್ಟೋ ಸಲ ಇರುವುದು ಗಂಡನ ಹೆಸರೊಂದೇ.