ಕೂರಿಗೆಗೆ ಹೆಸರಿಡೋರು ಯಾರು?

ವಿಡಿಯೋದಲ್ಲಿ ಎತ್ತು ಯಾವುದು, ಗಾಡಿ ಯಾವುದು ಅಂತ ಕಂಪ್ಯೂಟರಿಗೆ ಮೊದಲು ಮನುಷ್ಯರೇ ಚೌಕ ಎಳೆದು ಕಲಿಸಬೇಕು. ಇಂಥ ಚಿಲ್ಲರೆ ಕೆಲಸವನ್ನು ಅಂತರ್ಜಾಲದಲ್ಲಿ ಕೂಲಿಗೆ ಹಂಚುವ ‘ಮೆಕ್ಯಾನಿಕಲ್ ಟರ್ಕ್’ ಅನ್ನು ಅಮೆಜಾನ್ ಶುರು ಮಾಡಿದ್ದು 2005ರಲ್ಲಿ. ಹೆಸರು 18ನೇ ಶತಮಾನದ ಚದುರಂಗದ ಯಂತ್ರದ್ದು.. ಒಳಗೆ ಮನುಷ್ಯ ಅಡಗಿ ಕೂತು ಆಡುತ್ತಿದ್ದ! ಮುಂದೆ ಸಂಶೋಧಕರು ‘ವ್ಯಾಟಿಕ್’ ತಂತ್ರಾಂಶ ತಂದರು: ಕೆಲವು ಫ್ರೇಮುಗಳಿಗೆ ಕೂಲಿಯವರು ಚೌಕ ಎಳೆದರೆ ನಡುವಿನವನ್ನು ಯಂತ್ರವೇ ತುಂಬುತ್ತದೆ.

ಕನ್ನಡದಲ್ಲಿ ನಡೆದದ್ದು ವಿಡಿಯೋ ಅಲ್ಲ, ದನಿಯ ಕೆಲಸ. 2023ರಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗರು ‘ಕಾರ್ಯ’ ಸಂಸ್ಥೆಗಾಗಿ ಮೊಬೈಲಿನಲ್ಲಿ ಕನ್ನಡ ವಾಕ್ಯ ಓದಿದರು. ಗಂಟೆಗೆ ಸುಮಾರು 5 ಡಾಲರ್. ದತ್ತಾಂಶ ಮತ್ತೆ ಮಾರಾಟವಾದರೆ ಪಾಲೂ ಉಂಟು.

ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹೊಲದ ವಿಡಿಯೋದಲ್ಲಿ ಕೂರಿಗೆ ಯಾವುದು, ಕುಂಟಿ ಯಾವುದು ಅಂತ ದೂರದವರಿಗೆ ಹೇಗೆ ತಿಳಿದೀತು? ಬಿತ್ತಿದವರೇ ಹೆಸರಿಡಲಿ, ಕೂಲಿ ಜೊತೆ ಪಾಲೂ ಸಿಗಲಿ ಅಂತೀನಿ ನಾನು. ನೀವೇನಂತೀರಿ?